ಯಾರಿಗೂ ಬೇಡದ ಕೋಣೆ

ಹೊಸ ಬ್ರೌಸರು ಸುಳ್ಳು ಹೇಳುತ್ತಿದೆ ಎಂದು ಗೊತ್ತಾದಾಗ ತಕ್ಕಡಿಗೆ ಆದ ಸಂತೋಷ ಅವನ ವಯಸ್ಸಿಗೆ ತಕ್ಕದ್ದಾಗಿರಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಕಂಪ್ಯೂಟರಿನ ಮುಂದೆ ಕೂತು, ಮನೆಮಂದಿಯೆಲ್ಲ ಬಳಸುವ ಹಳೆಯ ಬ್ರೌಸರಿನಲ್ಲಿ ನಾಳೆ ಬಿಸಿಲೋ ಮೋಡವೋ ಎಂದು ಸುಮ್ಮನೆ ನೋಡುತ್ತಿದ್ದ. ಆಗ ಪುಟದ ಬಲ ಅಂಚಿನಲ್ಲಿ ಅದು ಕಾಣಿಸಿಕೊಂಡಿತು. ಒಂದು ಖಾಲಿ ಕೋಣೆ, ಒಂದು ಕಿಟಕಿ, ಕಿಟಕಿಗೆ ಒತ್ತಿಟ್ಟ ಒಂದು ಮೇಜು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಒಬ್ಬರೇ ಇರುವವರಿಗೆ ನೆಮ್ಮದಿಯ ಕೋಣೆ, ಬಾಡಿಗೆಗಿದೆ'. ಅವನು ಕುರ್ಚಿಯಲ್ಲಿ ನೆಟ್ಟಗಾದ. ಈ ಮಾತನ್ನು ಅವನು ಹಳೆಯ ಬ್ರೌಸರಿಗೆ ಹೇಳಿಯೇ ಇರಲಿಲ್ಲ. ಮೊನ್ನೆ ಹೊಸದಕ್ಕೆ ಮಾತ್ರ ಹೇಳಿದ್ದ. ಹೊಸದು ತನ್ನ ಮೊದಲ ಪುಟದಲ್ಲೇ 'ನಾವು ನೋಡುವುದಿಲ್ಲ, ನೆನಪಿಡುವುದಿಲ್ಲ, ಯಾರಿಗೂ ಹೇಳುವುದಿಲ್ಲ' ಎಂದು ದೇವರ ಮುಂದೆ ನಿಂತವರ ಹಾಗೆ ಆಣೆ ಮಾಡಿತ್ತು. ಈಗ ನೋಡಿದರೆ ಹೇಳಿಬಿಟ್ಟಿದೆ. ಕಳ್ಳ ಸಿಕ್ಕ ಎಂದು ಅಂಗೈ ಉಜ್ಜಿಕೊಂಡ ತಕ್ಕಡಿಗೆ, ಅದರ ಬೆನ್ನಿಗೇ ಕಿವಿಯ ತುದಿ ಬಿಸಿಯಾದದ್ದು ಗೊತ್ತಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡು ಜೀವಮಾನವಿಡೀ ನಕ್ಕವನು, ಈಗ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ. ಯಾರೂ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಅಮ್ಮ ಮಲಗಿದ್ದಳು.

ತಕ್ಕಡಿ ಎನ್ನುವುದು ಆಫೀಸಿನವರು ಇಟ್ಟ ಹೆಸರು. ಮಾರುಕಟ್ಟೆಗೆ ಬಂದ ವಸ್ತುಗಳನ್ನು ಕೊಂಡು, ಬಳಸಿ, ಒಂದರ ಪಕ್ಕ ಒಂದಿಟ್ಟು, ಯಾವುದು ಮೇಲು ಎಂದು ಓದುಗರಿಗೆ ಹೇಳುವ ಮಾಸಪತ್ರಿಕೆಯ ಆಫೀಸು ಅದು. ಅಲ್ಲಿ ಅವನು ಕುಕ್ಕರುಗಳನ್ನು ತೂಗಿದ್ದ, ಕೊಡೆಗಳನ್ನು ತೂಗಿದ್ದ, ಫ್ಯಾನು, ಇಸ್ತ್ರಿಪೆಟ್ಟಿಗೆ, ದಿಂಬು, ಟಾರ್ಚುಗಳನ್ನು ತೂಗಿದ್ದ. ತೂಗಿ ತೂಗಿ, ಹೋದ ಮನೆಯಲ್ಲಿ ಇಬ್ಬರು ಎರಡು ಲೋಟ ಕಾಫಿ ತಂದರೆ ಎರಡರಿಂದಲೂ ಒಂದೊಂದು ಗುಟುಕು ಕುಡಿದು ಆಮೇಲೆ ತನ್ನದು ಯಾವುದೆಂದು ತೀರ್ಮಾನಿಸುವಷ್ಟು ಕೆಟ್ಟುಹೋಗಿದ್ದ. ಪರೀಕ್ಷೆಯಲ್ಲಿ ಸೋತ ವಸ್ತುಗಳನ್ನು ಆಫೀಸು ವಾಪಸು ಕೇಳುತ್ತಿರಲಿಲ್ಲ. ಅವು ಅವನ ಮನೆ ಸೇರುತ್ತಿದ್ದವು. ಸೀಟಿ ಹೊಡೆಯದ ಕುಕ್ಕರುಗಳು ಮಂಚದ ಕೆಳಗೆ, ಗಾಳಿಗೆ ತಿರುಗಿ ನಿಲ್ಲುವ ಕೊಡೆಗಳು ಬಾಗಿಲ ಹಿಂದೆ, ಗೊರಗೊರ ಎನ್ನುವ ಫ್ಯಾನುಗಳು ಡಬ್ಬದ ಸಮೇತ ಈ ಕೋಣೆಯ ಕಿಟಕಿಗೆ ಅಡ್ಡ. ಮೊದಲ ವರ್ಷ ಹೆಂಡತಿ, “ಇವನ್ನ ಯಾರಿಗಾದ್ರೂ ಕೊಟ್ಟುಬಿಡೋಣ ರೀ,” ಅಂದಿದ್ದಳು. ಕೆಟ್ಟ ವಸ್ತುವನ್ನು ಇನ್ನೊಬ್ಬರಿಗೆ ಕೊಡುವುದು ವೃತ್ತಿಧರ್ಮಕ್ಕೆ ವಿರುದ್ಧ ಎಂದು ಅವನು ಉತ್ತರ ಕೊಟ್ಟಿದ್ದ. ಆಮೇಲೆ ಅವಳು ಹಾಗೆ ಅನ್ನಲಿಲ್ಲ. ಅನ್ನದೆ ಇದ್ದದ್ದನ್ನು ಅವನು ಒಪ್ಪಿಗೆ ಎಂದು ತಿಳಿದ.

ಬ್ರೌಸರಿಗೆ ತೂಕವಿಲ್ಲ, ಹಿಡಿಯಿಲ್ಲ, ಸೀಟಿಯಿಲ್ಲ. ಅದನ್ನು ತೂಗಲು ಎರಡೇ ದಾರಿ. ಎಷ್ಟು ಬೇಗ ಪುಟ ತೆರೆಯುತ್ತದೆ ಎಂದು ಸ್ಟಾಪ್‌ವಾಚು ಹಿಡಿದು ನೋಡುವುದು ಒಂದು. ಹೇಳಿದ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೋ ಊರಿಗೆಲ್ಲ ಹಂಚುತ್ತದೋ ಎಂದು ನೋಡುವುದು ಇನ್ನೊಂದು. ಈ ಎರಡನೆಯದಕ್ಕೆ ತಕ್ಕಡಿ ಒಂದು ಉಪಾಯ ಮಾಡಿಕೊಂಡಿದ್ದ, ಅದನ್ನು ಗಾಳ ಎನ್ನುತ್ತಿದ್ದ. ಒಂದೊಂದು ಬ್ರೌಸರಿನಲ್ಲಿ ಒಂದೊಂದು ವಸ್ತುವನ್ನು, ಅದರಲ್ಲಿ ಮಾತ್ರ, ಬೇಕು ಬೇಕು ಎಂದು ಹುಡುಕುವುದು. ಆಮೇಲೆ ಆ ವಸ್ತುವಿನ ಜಾಹೀರಾತು ಎಲ್ಲೆಲ್ಲಿ ಬೆನ್ನು ಹತ್ತಿ ಬರುತ್ತದೆ ಎಂದು ಕಾಯುವುದು. ಗಾಳಕ್ಕೆ ಒಂದೇ ನಿಯಮ: ಸಿಕ್ಕಿಸಿದ ವಸ್ತು ಮನೆಯಲ್ಲಿ ಯಾರಿಗೂ ಬೇಡದ್ದಾಗಿರಬೇಕು. ಬೇಕಾದದ್ದಾದರೆ ಯಾರು ಹುಡುಕಿದ್ದಕ್ಕೆ ಬಂತೆಂದು ಹೇಳುವುದು ಹೇಗೆ? ಹಾಗಾಗಿ ಹಳೆಯ ಬ್ರೌಸರಿನಲ್ಲಿ ಕೃತಕ ಕೂದಲಿನ ಟೋಪಿ ಹುಡುಕಿದ. ಅದರ ಎರಡು ಎದುರಾಳಿಗಳಲ್ಲಿ ಒಂದಕ್ಕೆ ಕುದುರೆ ಸವಾರರ ಬೂಟು, ಇನ್ನೊಂದಕ್ಕೆ ಕಿವಿಗೆ ಹಾಕುವ ಮಶೀನು. ಹೊಸದರ ಸರದಿ ಬಂದಾಗ ಏನು ಹುಡುಕಲಿ ಎಂದು ಯೋಚಿಸುವ ಮೊದಲೇ ಬೆರಳುಗಳು 'ಒಬ್ಬರಿಗೆ ಬಾಡಿಗೆ ಕೋಣೆ' ಎಂದು ಬರೆದು ಮುಗಿಸಿದ್ದವು. ಬೆರಳಿಗೇನು ಗೊತ್ತು ಎಂದುಕೊಂಡು ಅವನು ಮುಂದುವರಿದಿದ್ದ.

“ಏನೋ, ನಂಗೆ ಕಿವಿ ಕೇಳಲ್ಲ ಅಂತ ಈ ಪೆಟ್ಟಿಗೆಗೆ ಯಾರೋ ಹೇಳಿದ್ದು?” ಅಮ್ಮ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಅರ್ಧ ಹೆಣೆದ ಸ್ವೆಟರು. ಬೆಳಗಿನ ಹೊತ್ತು ಅವಳು ಇದೇ ಕಂಪ್ಯೂಟರಿನಲ್ಲಿ ಹೆಣಿಗೆಯ ವಿಡಿಯೋ ನೋಡುವುದು ವಾಡಿಕೆ. ಪರದೆಯ ಮೇಲೆ ಸಾಲಾಗಿರುವ ನಾಲ್ಕು ಬ್ರೌಸರುಗಳಲ್ಲಿ ಕೈಗೆ ಸಿಕ್ಕಿದ್ದನ್ನು ಒತ್ತುತ್ತಿದ್ದಳು.

“ಯಾರೂ ಹೇಳಿಲ್ಲಮ್ಮ. ಅದು ನನ್ನ ಕೆಲಸಕ್ಕೆ.”

“ತೋಳು ಹೆಣೆಯೋದು ನೋಡೋಣ ಅಂತ ಕೂತ್ರೆ ಒಬ್ಬ ಮುದುಕಪ್ಪ ಬಂದು ಕಿವಿ ತೋರಿಸಿ ನಗ್ತಾನೆ. ಮತ್ತೆ ಮತ್ತೆ ಬರ್ತಾನೆ. ನಂಗೆ ಕೇಳೋದೇ ಹೆಚ್ಚು ಈ ಮನೇಲಿ.”

“ಹೌದಮ್ಮ.”

“ನೀನು ಹೇಳ್ದೇ ಇರೋದೂ ಕೇಳತ್ತೆ,” ಎಂದು ಅಮ್ಮ ನೂಲಿನುಂಡೆ ಹುಡುಕಿಕೊಂಡು ಒಳಗೆ ಹೋದಳು. ಅವಳು ಅದನ್ನು ಸುಮ್ಮನೆ ಅಂದಳೋ ಬೇಕೆಂದೇ ಅಂದಳೋ ಎಂದು ತಕ್ಕಡಿ ಸ್ವಲ್ಪ ಹೊತ್ತು ತೂಗಿ ನೋಡಿ, ಮುಳ್ಳು ಯಾವ ಕಡೆಗೂ ವಾಲದ್ದರಿಂದ ಬಿಟ್ಟುಬಿಟ್ಟ.

ಸಂಪಾದಕಿಗೆ ಫೋನು ಮಾಡಿದಾಗ ಅವನ ದನಿಯಲ್ಲಿ ಹುಮ್ಮಸ್ಸು ಇತ್ತು. ಹೊಸದು ವೇಗದಲ್ಲೂ ಹಿಂದೆ, ಗುಟ್ಟಿನಲ್ಲೂ ಸೋರುತ್ತದೆ, ಎರಡು ತಟ್ಟೆಯೂ ಖಾಲಿ ಎಂದು ವರದಿ ಒಪ್ಪಿಸಿದ. ಸಂಪಾದಕಿ ಅವನಿಗಿಂತ ಕಿರಿಯರು. ಹೊಗಳುವಾಗಲೂ ಪೆನ್ನಿನ ಕ್ಯಾಪು ತೆಗೆದೇ ಇಟ್ಟುಕೊಂಡಿರುವ ಜಾತಿ. “ಭೇಷ್,” ಎಂದರು. “ಆದ್ರೆ ಅವರು ನಾಲ್ಕೈದು ಜನ ಸೇರಿ ಮಾಡಿರೋ ಸಣ್ಣ ಬ್ರೌಸರು. ನಾವು ಕಳ್ಳ ಅಂತ ಬರೆದ್ರೆ ಅಲ್ಲಿಗೆ ಮುಗೀತು ಅವರ ಕಥೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋಕಾಗಲ್ಲ. ಮನೇಲಿ ಬೇರೆ ಯಾರೂ ಅದನ್ನ ಹುಡುಕಿಲ್ಲ ಅಂತ ಕೇಳಿದ್ರಾ?”

“ನಮ್ಮ ಮನೇಲಿ ಒಂಟಿ ಕೋಣೆ ಯಾರಿಗೆ ಬೇಕು ಮೇಡಂ?”

“ಅದನ್ನ ನನ್ನ ಕೇಳಿದ್ರೆ ಹೇಗೆ? ಮನೆಯವರನ್ನ ಕೇಳಿ. ನಿಮ್ಮದೇ ನಿಯಮ ಅಲ್ವಾ ಅದು. ಸಂಜೆ ಪುಟ ಕಳಿಸ್ಬೇಕು.”

ಅಮ್ಮನನ್ನು ಕೇಳುವುದು ಸುಲಭವಿತ್ತು. “ನಾನು ಯಾಕಪ್ಪ ಬೇರೆ ಕೋಣೆ ಹುಡುಕ್ಲಿ, ಇರೋ ಕೋಣೆ ಬಿಟ್ಟು ಎದ್ದೇಳು ಅಂತಿದೀಯಾ?” ಎಂದು ಕಣ್ಣು ತೇವ ಮಾಡಿಕೊಳ್ಳುವುದಕ್ಕೆ ಸಿದ್ಧಳಾದವಳನ್ನು ಸಮಾಧಾನ ಮಾಡಿ ಬಂದ. ಉಳಿದವಳು ಹೆಂಡತಿ. ಅವಳು ಹಲ್ಲಿನ ಲ್ಯಾಬಿನಿಂದ ಬರಲು ಇನ್ನೂ ಹೊತ್ತಿತ್ತು. ಅಷ್ಟರೊಳಗೆ ಲೇಖನ ಬರೆದಿಡೋಣವೆಂದು ಕೂತ. 'ಹೊಸ ಬ್ರೌಸರು ವೇಗದಲ್ಲಿ ತನ್ನ ಮೂರೂ ಎದುರಾಳಿಗಳಿಗಿಂತ ಹಿಂದಿದೆ' ಎಂಬ ಮೊದಲ ವಾಕ್ಯಕ್ಕೇ ಕೈ ನಿಂತಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗ ಅದಕ್ಕೂ ಎಲ್ಲೋ ಒಂದು ಕಡೆ ಗೊತ್ತಿರುತ್ತದೆ. ಮೊನ್ನೆ ಸ್ಟಾಪ್‌ವಾಚು ಒತ್ತಿ, ಹುಡುಕಿ, ಕೋಣೆಗಳ ಪುಟ ತೆರೆದಾಗ ಒಂದು ಚಿತ್ರ ಬಂದಿತ್ತು. ಬರಿಯ ಕೋಣೆ. ನೆಲದ ಮೇಲೆ ಕಿಟಕಿಯ ಆಕಾರದ ಬಿಸಿಲು. ಆ ಬಿಸಿಲಿನಲ್ಲಿ ಏನೂ ಇರಲಿಲ್ಲ, ಕುಕ್ಕರಿರಲಿಲ್ಲ, ಡಬ್ಬವಿರಲಿಲ್ಲ, ತೂಗಬೇಕಾದ ಒಂದು ವಸ್ತುವೂ ಇರಲಿಲ್ಲ. ಅವನು ಅದನ್ನು ನೋಡುತ್ತ ಕೂತ. ಪುಟ ಯಾವಾಗಲೋ ತೆರೆದಾಗಿತ್ತು, ಕೈಯಲ್ಲಿದ್ದ ಸ್ಟಾಪ್‌ವಾಚು ಓಡುತ್ತಲೇ ಇತ್ತು. ಆಮೇಲೆ ಬೆಚ್ಚಿ ಒತ್ತಿ, ಬಂದ ಅಂಕಿಯನ್ನು ನಿಯತ್ತಾಗಿ ಬರೆದುಕೊಂಡ. ಅಷ್ಟಕ್ಕೂ ಬಿಡಲಿಲ್ಲ. ಗಾಳ ಗಟ್ಟಿಯಾಗಬೇಕಾದರೆ ಪೂರ್ತಿ ವಿವರ ತುಂಬಬೇಕು ಎಂದು ತನಗೇ ಹೇಳಿಕೊಂಡು, ಆ ಪುಟ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಮಹಡಿ ಮೂರನೆಯದು. ಕಿಟಕಿ ಪೂರ್ವಕ್ಕೆ. ಒಲೆ ಒಂದು. ಕೊನೆಗೆ 'ಅತಿಥಿಗಳು ಬಂದು ಹೋಗಬೇಕೇ?' ಎಂದಿತ್ತು. ಇಲ್ಲ ಎಂಬುದರ ಮೇಲೆ ಒತ್ತಿದ. ಟೋಪಿಯ ಬಣ್ಣ, ಬೂಟಿನ ಅಳತೆ ಯಾವುದನ್ನೂ ಅವನು ತುಂಬಿರಲಿಲ್ಲ ಎನ್ನುವುದು ಈಗ ನೆನಪಾಗಿ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ.

ಹೆಂಡತಿ ಕೃತಕ ಹಲ್ಲು ಮಾಡುವವಳು. ಬಾಯಿಯ ಅಚ್ಚು ಬರುತ್ತದೆ, ಬಾಯಿಯ ಒಡೆಯ ಬರುವುದಿಲ್ಲ. ಅವನ ಉಳಿದ ಹಲ್ಲುಗಳ ಬಣ್ಣಕ್ಕೆ ಹೊಂದುವ ಹಾಗೆ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಮಾದರಿಯ ಪಕ್ಕ ಇಟ್ಟು ನೋಡುತ್ತಾಳೆ. ಟ್ಯೂಬ್‌ಲೈಟಿನಲ್ಲಿ ಸುಳ್ಳು ಹಲ್ಲೂ ನಿಜದ ಹಾಗೆ ಕಾಣುತ್ತದೆ, ಬಿಸಿಲಿನಲ್ಲಿ ಮಾತ್ರ ಗೊತ್ತಾಗುತ್ತದೆ ಎಂದು ಮದುವೆಯಾದ ಹೊಸತರಲ್ಲಿ ಹೇಳಿದ್ದಳು. ಆಗ ಅವರು ಬಹಳ ಮಾತಾಡುತ್ತಿದ್ದರು. ಈಗಲೂ ಆಡುತ್ತಾರೆ, ಗ್ಯಾಸು, ಅಮ್ಮನ ಮಾತ್ರೆ, ನಾಳೆಯ ತರಕಾರಿ. ಹೋದ ವಾರ ಹಾಲು ತರಲು ಹೋದವನು ಅವಳನ್ನು ಬೀದಿಯ ತಿರುವಿನ ಬಸ್‌ಸ್ಟಾಪಿನಲ್ಲಿ ಕಂಡಿದ್ದ. ಬಸ್ಸಿನಿಂದ ಇಳಿದಾಗಿತ್ತು, ಮನೆ ನೂರು ಹೆಜ್ಜೆ ಇರಲಿಲ್ಲ. ಆದರೂ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಏನೋ ನೋಡುತ್ತಿದ್ದಳು, ಇನ್ನೊಂದು ಬಸ್ಸಿಗೆ ಕಾಯುವವರ ಹಾಗೆ. ಕರೆಯಬಹುದಿತ್ತು. ಕರೆದರೆ ಏನು ಮಾಡ್ತಿದೀಯ ಎಂದು ಕೇಳಬೇಕಾಗುತ್ತದೆ, ಕೇಳಿದರೆ ಅವಳು ಹೇಳಬಹುದು. ಅವನು ಹಾಲಿನ ಚೀಲ ಇನ್ನೊಂದು ಕೈಗೆ ಬದಲಿಸಿ ಎದುರು ಬದಿಯಿಂದ ದಾಟಿಹೋಗಿದ್ದ. ದಣಿವಾಗಿರಬೇಕು ಎಂದುಕೊಂಡ. ಹಾಗೆಂದುಕೊಂಡದ್ದು ಟ್ಯೂಬ್‌ಲೈಟಿನಲ್ಲಿ ಸರಿಯಾಗಿಯೇ ಕಂಡಿತ್ತು.

ಅವಳು ಬಂದಳು, ಕೈಕಾಲು ತೊಳೆದಳು, ಟೀ ಮಾಡಿ ಅವನಿಗೊಂದು ಲೋಟ ತಂದು ಕಂಪ್ಯೂಟರಿನ ಪಕ್ಕ ಇಟ್ಟಳು. ಇನ್ನೊಂದು ಕುರ್ಚಿಯ ಮೇಲೆ ಇಸ್ತ್ರಿಪೆಟ್ಟಿಗೆಗಳಿದ್ದವು, ಅದಕ್ಕೆ ತನ್ನ ಲೋಟ ಹಿಡಿದು ಮಂಚದ ಅಂಚಿನಲ್ಲಿ ಕೂತಳು.

“ಒಂದು ವಿಷಯ ಕೇಳ್ಬೇಕಿತ್ತು,” ಎಂದ ತಕ್ಕಡಿ. “ಆಫೀಸಿಂದು. ಇಲ್ಲ ಅನ್ನು ಸಾಕು, ಬರ್ಕೋತೀನಿ. ಒಬ್ಬರಿಗೆ ಬಾಡಿಗೆ ಕೋಣೆ ಅಂತ ಎಲ್ಲಾದ್ರೂ ಹುಡುಕಿದ್ಯಾ ನೀನು?”

ಅವಳು ಟೀಯನ್ನು ಊದುವುದನ್ನು ನಿಲ್ಲಿಸಿದಳು. “ಹುಡುಕಿದೆ.”

“ಎಲ್ಲಿ?”

“ಫೋನಲ್ಲಿ. ಬಸ್‌ಸ್ಟಾಪಲ್ಲಿ ಕೂತ್ಕೊಂಡು.” ಅವಳ ಕಣ್ಣು ಪರದೆಯ ಅಂಚಿನಲ್ಲಿದ್ದ ಖಾಲಿ ಕೋಣೆಯ ಮೇಲೆ ಬಿತ್ತು. ಮುಖ ಕೆಂಪಾಯಿತು. “ನಾನು ಫೋನಲ್ಲಿ ನೋಡಿದ್ದು ಇಲ್ಲೂ ಬರತ್ತಾ?”

“ಬರತ್ತೆ. ಹಳೆಯ ಬ್ರೌಸರಿಗೆ ನಿನ್ನ ಫೋನೂ ಇದೂ ಒಂದೇ ಅಕೌಂಟು. ಎಲ್ಲರಿಗೂ ಅನುಕೂಲ ಅಂತ ನಾನೇ ಮಾಡಿದ್ದೆ. ಮರ್ತಿದ್ದೆ.”

ಹೊಸ ಬ್ರೌಸರು ನಿರಪರಾಧಿ, ಲೇಖನ ತಿದ್ದಬೇಕು ಎಂಬುದು ಅವನಿಗೆ ಹೊಳೆದ ಮೊದಲ ವಿಚಾರ. ಹೆಂಡತಿ ತನ್ನನ್ನು ಬಿಟ್ಟು ಹೋಗಲಿದ್ದಾಳೆ ಎಂಬುದು ಎರಡನೆಯದು. ಈ ಎರಡು ಬಂದ ಕ್ರಮವನ್ನು ನೆನೆದು ಅವನು ಮುಂದೆ ಬಹಳ ಕಾಲ ನಾಚಿಕೊಳ್ಳುವವನಿದ್ದ. ಆ ಗಳಿಗೆಯಲ್ಲಿ ಮಾತ್ರ ಹೆದರಿದ.

“ಯಾಕೆ?” ಎಂದ.

“ನೀವು ಯಾಕೆ ಹುಡುಕಿದ್ರಿ? ಹುಡುಕದೆ ಇದ್ರೆ ನನ್ನ ಕೇಳ್ತಿರ್ಲಿಲ್ಲ.”

“ನಂದು ಪರೀಕ್ಷೆಗೆ. ಮನೇಲಿ ಯಾರಿಗೂ ಬೇಡದ ವಸ್ತು ಹಾಕ್ಬೇಕು, ಅದು ನಿಯಮ.”

“ಪ್ರಪಂಚದಲ್ಲಿ ಇಷ್ಟೆಲ್ಲ ವಸ್ತು ಇರುವಾಗ ಅದೇ ಸಿಕ್ತಾ ಬೇಡದ್ದು?” ಅವಳ ತುಟಿಯ ಕೊನೆಯಲ್ಲಿ ಏನೋ ಅಲುಗಾಡಿತು. ನಗುವೋ ಅಳುವೋ ಅವನಿಗೆ ತಿಳಿಯಲಿಲ್ಲ. “ನಾನು ಬಿಟ್ಟು ಹೋಗ್ತೀನಿ ಅಂದ್ಕೊಂಡ್ರಾ?”

“ಇಲ್ಲ.” ಟೀ ಲೋಟವನ್ನು ಪಕ್ಕಕ್ಕೆ ಸರಿಸಿ, “ಒಂಚೂರು,” ಎಂದ.

“ನಾನೂ ಒಂಚೂರು ಅಂದ್ಕೊಂಡಿದ್ದೆ,” ಎಂದಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೆ ನೋಡುತ್ತ ಮಾತಾಡಿದಳು. “ದಿನಾ ಬೆಳಗಿಂದ ಸಂಜೇವರೆಗೂ ಯಾರ್ಯಾರದೋ ಬಾಯೊಳಗೆ ಇರ್ತೀನಿ. ಬಂದ್ರೆ ಇಲ್ಲಿ ಕೂರೋಕೆ ಜಾಗ ಇಲ್ಲ. ಒಂದು ಕಿಟಕಿ ಹತ್ರ ಏನೂ ಮಾಡದೆ ಕೂತಿರ್ಬೇಕು ಅನ್ನಿಸ್ತು ರೀ. ಈ ದಿಂಬು ಮೆತ್ತಗಿದೆಯಾ ಆ ದಿಂಬು ಮೆತ್ತಗಿದೆಯಾ ಅಂತ ಯಾರೂ ಕೇಳಬಾರದು. ಅಷ್ಟೇ. ದಿನಾ ಇಳಿದ ಮೇಲೆ ಒಂದೆರಡು ಕೋಣೆ ನೋಡ್ತಿದ್ದೆ, ಆಮೇಲೆ ಮನೆಗೆ ಬರ್ತಿದ್ದೆ.”

ಅವನಿಗೆ ಏನಾದರೂ ಹೇಳಬೇಕೆನಿಸಿತು. ಬಸ್‌ಸ್ಟಾಪಿನಲ್ಲಿ ನಿನ್ನನ್ನು ನೋಡಿದ್ದೆ ಎಂದು ಹೇಳಬಹುದಿತ್ತು, ಗಂಟಲಿಗೆ ಬಂದದ್ದು ಮಾತ್ರ, “ಕುಕ್ಕರುಗಳನ್ನ ತೆಗೆದುಬಿಡ್ತೀನಿ,” ಎಂದು.

“ಎಲ್ಲಿಡ್ತೀರಾ?”

“ಅವಕ್ಕೇ ಒಂದು ರೂಮು ಬಾಡಿಗೆಗೆ ಹಿಡೀರಿ,” ಎಂದಿತು ಮುಚ್ಚಿದ ಬಾಗಿಲಾಚೆಯಿಂದ ಅಮ್ಮನ ದನಿ. “ಅವೇ ಸರಿ ಒಂಟಿಯಾಗಿರೋಕೆ. ಸೀಟಿನೂ ಹೊಡೆಯಲ್ಲ, ಪಕ್ಕದವರಿಗೆ ತೊಂದ್ರೆ ಇಲ್ಲ.”

ಇಬ್ಬರೂ ಬಾಗಿಲ ಕಡೆ ತಿರುಗಿದರು. ಬಾಗಿಲಾಚೆ ಹೆಣಿಗೆಯ ಕಡ್ಡಿಗಳ ಸದ್ದು ಮತ್ತೆ ಶುರುವಾಯಿತು. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಭುಜ ಕುಲುಕಿತು, ಅದು ನಗು ಎಂದು ಖಚಿತವಾದ ಮೇಲೆ ಅವನೂ ನಕ್ಕ. ಕಿವಿಯ ಮಶೀನಿನ ಗಾಳ ಮಾತ್ರ ನಿಯಮಕ್ಕೆ ಸರಿಯಾಗಿ ಆರಿಸಿದ್ದಾಗಿತ್ತು.

“ನಿಮ್ಮದು ಎಷ್ಟನೇ ಮಹಡಿ?” ಎಂದು ಕೇಳಿದಳು, ದನಿ ತಗ್ಗಿಸಿ.

“ಮೂರು.”

“ನಂದೂ. ಕಿಟಕಿ?”

“ಪೂರ್ವ.”

“ನಂದು ಪಶ್ಚಿಮ. ಕೆಲಸ ಮುಗಿಸಿ ಬರೋ ಹೊತ್ತಿಗೆ ಪೂರ್ವದಲ್ಲಿ ಏನಿರತ್ತೆ?” ಅವಳು ಟೀ ಮುಗಿಸಿದಳು. “ಆ ಪುಟದ ಕೊನೇಲಿ ಒಂದು ಕೇಳತ್ತಲ್ಲ, ಅತಿಥಿಗಳು ಬಂದು ಹೋಗಬೇಕಾ ಅಂತ. ನಾನು ಹೌದು ಅಂತ ಒತ್ತಿದೆ.”

“ಯಾರು ಬರೋದು?”

“ನೀವು. ಇನ್ಯಾರು ಬರ್ತಾರೆ? ಆದ್ರೆ ಫೋನು ಮಾಡಿ ಬರ್ಬೇಕು, ಕೈಲಿ ಡಬ್ಬ ಇರಬಾರದು.” ಅವಳು ತಲೆಯೆತ್ತಿದಳು. “ನೀವೇನು ಒತ್ತಿದ್ರಿ?”

ಉತ್ತರ ಪರದೆಯ ಮೇಲಿರಲಿಲ್ಲ, ಎಲ್ಲೂ ಇರಲಿಲ್ಲ. ಹೊಸ ಬ್ರೌಸರು ಆಣೆ ಮಾಡಿದ ಹಾಗೆಯೇ ನೋಡಿರಲಿಲ್ಲ, ನೆನಪಿಟ್ಟಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಮಧ್ಯಾಹ್ನದಿಂದ ತಾನು ಕಳ್ಳ ಎನ್ನುತ್ತಿದ್ದ ಆ ಒಂದೇ ಸಾಕ್ಷಿ ಎಷ್ಟು ನಿಯತ್ತಿನದು ಎಂದು ತಕ್ಕಡಿಗೆ ಆಗ ಪೂರ್ತಿ ಅರ್ಥವಾಯಿತು.

“ಹೌದು ಅಂತಾನೇ,” ಎಂದ.

ಡಬ್ಬಗಳ ಸಂದಿನಿಂದ ಒಂದಿಷ್ಟು ಸಂಜೆಯ ಬೆಳಕು ಅವನ ಮುಖದ ಮೇಲೆ ಬೀಳುತ್ತಿತ್ತು. ಅವಳು ಅವನನ್ನು ನೋಡಿದಳು, ಮಾದರಿಯ ಪಕ್ಕ ಹಲ್ಲನ್ನು ಇಟ್ಟು ನೋಡುವಷ್ಟೇ ಹೊತ್ತು. “ಸರಿ,” ಎಂದು ತನ್ನ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಆ ಸರಿಯ ತೂಕ ಎಷ್ಟೆಂದು ಅವನಿಗೆ ಗೊತ್ತಿತ್ತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳು ಬೆಂಚಿನ ಮೇಲೆ ಕೂತು ತನಗೊಂದು ಬಾಗಿಲು ತೆರೆದಿಟ್ಟದ್ದು ನೆನಪಾಗಿ ಎದೆ ನೊಂದಿತು.

ಸಂಪಾದಕಿಗೆ 'ತಪ್ಪು ನಮ್ಮ ಮನೆಯದು, ಬ್ರೌಸರಿನದಲ್ಲ. ಪುಟ ಸ್ವಲ್ಪ ತಡವಾಗುತ್ತದೆ' ಎಂದು ಸಂದೇಶ ಕಳಿಸಿದ. ಬರೆದದ್ದನ್ನೆಲ್ಲ ಅಳಿಸಿದ. ವೇಗದ ಪರೀಕ್ಷೆಯನ್ನಂತೂ ಹೊಸದಾಗಿ ಮಾಡಲೇಬೇಕಿತ್ತು. ಹೊಸ ಬ್ರೌಸರನ್ನು ತೆರೆದ. ಅದು ಅವನನ್ನು ಗುರುತಿಸಲಿಲ್ಲ, ಮೊದಲ ಸಲ ಬಂದವನನ್ನು ಬರಮಾಡಿಕೊಳ್ಳುವ ಹಾಗೆ ಬಿಳಿಯ ಪುಟ ಮುಂದಿಟ್ಟಿತು. ಸ್ಟಾಪ್‌ವಾಚು ಒತ್ತಿ ಅದೇ ಮಾತು ಬರೆದ. ಕೋಣೆಗಳ ಪುಟ ರೆಪ್ಪೆ ಬಡಿಯುವಷ್ಟರಲ್ಲಿ ಬಂದುಬಿಟ್ಟಿತು, ನಾಲ್ಕರಲ್ಲೂ ಎಲ್ಲಕ್ಕಿಂತ ಬೇಗ. ಈ ಸಲ ಸರಿಯಾದ ಹೊತ್ತಿಗೆ ಸ್ಟಾಪ್‌ವಾಚು ನಿಲ್ಲಿಸಿದ. ಪರೀಕ್ಷೆ ಅಲ್ಲಿಗೆ ಮುಗಿದಿತ್ತು, ಕೈ ನಿಲ್ಲಲಿಲ್ಲ. ಮಹಡಿ ಮೂರು. ಕಿಟಕಿ, ಪೂರ್ವದ ಮೇಲೆ ಹೋದ ಬೆರಳನ್ನು ಸರಿಸಿ ಪಶ್ಚಿಮಕ್ಕೆ ತಂದ. ಒಲೆ ಒಂದು. ಕೊನೆಯ ಪ್ರಶ್ನೆ ಬಂತು. ಅವನು ಹೌದು ಎಂಬುದರ ಮೇಲೆ ಒತ್ತಿದ.

“ಈಗ ಒತ್ತಿದ್ರಿ,” ಎಂದಳು ಹೆಂಡತಿ ಹಿಂದಿನಿಂದ. ಅವನ ಲೋಟ ಒಯ್ಯಲು ಬಂದವಳು ಯಾವಾಗಿನಿಂದ ನಿಂತಿದ್ದಳೋ.

ಅವನು ತಿರುಗಲಿಲ್ಲ. “ಹೌದು,” ಎಂದ.

ಅವಳು ಈ ಹೌದನ್ನು ಬೆಳಕಿಗೆ ಹಿಡಿದು ನೋಡಲಿಲ್ಲ.